ಜೀರ್ಣೋದ್ಧಾರ: ನಾವು ಮರೆತ ದಾನ



ಅಡಿಗಲ್ಲಿನ ಸಮಾರಂಭಕ್ಕೆ ಕರೆದರೆ ಊರಿಗೆ ಊರೇ ಬರುತ್ತದೆ. ಸೋರುವ ಮಾಡನ್ನು ನೋಡಲು ಕರೆದರೆ ಗೌಂಡಿಯೊಬ್ಬನೇ ಬರುತ್ತಾನೆ. ಅವನೂ ಕೂಲಿಯ ಮಾತು ಮುಗಿದ ಮೇಲೆ. ಈ ನುಡಿ ಕೆಲವರಿಗೆ ಕಹಿಯಾಗಬಹುದು. ಆದರೆ ಕಹಿಯೆಂದು ಔಷಧವನ್ನು ಬಿಟ್ಟವರು ರೋಗದಿಂದ ಪಾರಾದದ್ದನ್ನು ನಾವು ಕಂಡಿಲ್ಲ.

ದಾರಿ ನಡೆಯುವವರಿಗೆ ಒಂದು ರಾತ್ರಿಯ ಆಸರೆಯಾಗಲೆಂದು ಹಿಂದಿನವರು ಊರೂರಿಗೆ ಕಟ್ಟಿಸಿದ ಧರ್ಮಶಾಲೆ, ಯಾತ್ರಿನಿವಾಸ, ವಸತಿಗೃಹಗಳು ಇಂದು ಎಂತಹ ಸ್ಥಿತಿಗೆ ಬಂದಿವೆ ಎಂಬುದನ್ನು ತಾವೆಲ್ಲ ಬಲ್ಲಿರಿ. ಬಲ್ಲವರು ಅಲ್ಲಿ ತಂಗುವುದನ್ನೇ ಬಿಟ್ಟಿರಿ. ಇವು ಹಾಳಾಗಲು ಹಣದ ಅಭಾವವೇ ಕಾರಣವೆಂದು ಎಲ್ಲರೂ ಹೇಳುತ್ತಾರೆ. ಆ ಮಾತನ್ನು ನಾವು ಒಪ್ಪುವುದಿಲ್ಲ. ಕಟ್ಟುವುದು ಮಾತ್ರ ದಾನ, ಕಟ್ಟಿದ್ದನ್ನು ಕಾಯುವುದು ಖರ್ಚು ಎಂದು ನಮ್ಮ ಸಮಾಜ ಭಾವಿಸಿಕೊಂಡಿರುವುದೇ ಇದರ ಮೂಲಕಾರಣವೆಂದು ಸ್ಪಷ್ಟವಾಗಿ ಹೇಳಬಯಸುತ್ತೇವೆ.

ಕೆಲವು ವರ್ಷಗಳ ಹಿಂದೆ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಸಂಚರಿಸುತ್ತಿದ್ದಾಗ ಯಮಕನಮರಡಿಯ ಪರಿಸರದಲ್ಲಿ ಇಂತಹದೊಂದು ವಸತಿಗೃಹದಲ್ಲಿ ಒಂದು ರಾತ್ರಿ ಉಳಿಯುವ ಪ್ರಸಂಗ ನಮಗೆ ಒದಗಿತು. ಅದು ಯಾರದು, ಯಾವ ಆಡಳಿತಕ್ಕೆ ಸೇರಿದ್ದು ಎಂಬುದನ್ನು ಬರೆಯುವುದಿಲ್ಲ. ಅದರ ಹೆಸರು ಹೇಳಿದರೆ ಉಳಿದ ನೂರು ಕಟ್ಟಡಗಳ ಒಡೆಯರು ತಮ್ಮನ್ನು ಕುರಿತು ಹೇಳಲಿಲ್ಲವೆಂದು ನಿಶ್ಚಿಂತರಾಗಿ ನಿದ್ರಿಸುವರು. ಆಷಾಢದ ಮಳೆ ಹಿಡಿದಿತ್ತು. ಕೋಣೆಯ ಕದ ನೀರುಂಡು ಉಬ್ಬಿ ಚೌಕಟ್ಟಿಗೆ ಕೂಡುತ್ತಿರಲಿಲ್ಲ. ಒಳಚಿಲಕದ ಜಾಗದಲ್ಲಿ ಎರಡು ಮೊಳೆಯ ತೂತುಗಳಿದ್ದವು. ಮಾಡಿನಿಂದ ಮೂರು ಕಡೆ ನೀರು ತೊಟ್ಟಿಕ್ಕುತ್ತಿತ್ತು. ನಳದಲ್ಲಿ ನೀರಿಲ್ಲ, ಬಚ್ಚಲಿಗೆ ಕೊಡದಿಂದ ಹೊತ್ತು ತರಬೇಕು. ಶೌಚಾಲಯಕ್ಕೆ ದೀಪವಿಲ್ಲ. ಹಿಂಗೋಡೆಯ ಬಿರುಕಿನಲ್ಲಿ ಆಳೆತ್ತರದ ಅರಳಿಯ ಸಸಿ ಸೊಂಪಾಗಿ ಬೆಳೆದಿತ್ತು.

ಆ ಕಟ್ಟಡದಲ್ಲಿ ಒಂದೇ ಒಂದು ವಸ್ತು ಮಾತ್ರ ಹೊಚ್ಚ ಹೊಸದರಂತೆ ಹೊಳೆಯುತ್ತಿತ್ತು. ಅದು ಪಡಸಾಲೆಯ ಗೋಡೆಯಲ್ಲಿ ಕೂಡಿಸಿದ ಅಮೃತಶಿಲೆಯ ಫಲಕ. ಕಟ್ಟಿಸಿದವರ, ಅಡಿಗಲ್ಲು ಇಟ್ಟವರ, ಉದ್ಘಾಟಿಸಿದವರ, ಅಧ್ಯಕ್ಷತೆ ವಹಿಸಿದವರ ಹೆಸರುಗಳು ಅದರಲ್ಲಿದ್ದವು. ಅಕ್ಷರಗಳಿಗೆ ಆಗಾಗ ಬಣ್ಣ ತುಂಬಿಸುತ್ತಾರಂತೆ. ಅಲ್ಲಿಯ ಕಾವಲುಗಾರ, ಬಡವ, ವೃದ್ಧ, ನಮ್ಮ ಹಾಸಿಗೆಯನ್ನು ಒಣ ಮೂಲೆಗೆ ಸರಿಸುತ್ತ ಹೇಳಿದ ಮಾತು ಇದು: “ಅಪ್ಪಾರ, ಹೆಸರಿಗೆ ಬಣ್ಣ ಹಚ್ಚಾಕ ರೊಕ್ಕ ಬರತೈತ್ರಿ. ಹಂಚು ಹೊದಸಾಕ ಕೇಳಿದ್ರ ಮುಂದಿನ ವರ್ಷ ನೋಡೂಣು ಅಂತಾರ್ರಿ.”

ವಾಚಕರೇ, ಮುಂದಿನ ವರ್ಷವೆಂಬುದು ಮಳೆಗೆ ತಿಳಿಯದು. ಕಟ್ಟಡವು ಒಂದೇ ದಿನದಲ್ಲಿ ಬೀಳುವುದಿಲ್ಲ. ಅದು ಬೀಳುವ ಕ್ರಮವನ್ನು ಹಳ್ಳಿಯ ಯಾವ ಬಡಿಗೇರನನ್ನು ಕೇಳಿದರೂ ಹೇಳುತ್ತಾನೆ. ಮೊದಲು ಕೋತಿಯೋ ಗಾಳಿಯೋ ಒಂದು ಹಂಚನ್ನು ಸರಿಸುತ್ತದೆ. ಆ ಸಂದಿನಿಂದ ಇಳಿದ ನೀರು ಕೆಳಗಿನ ರೀಪನ್ನು ಕೊಳೆಸುತ್ತದೆ. ರೀಪು ಕುಸಿದಾಗ ಹತ್ತು ಹಂಚು ಜಾರುತ್ತವೆ. ನೀರು ತೊಲೆಯ ತುದಿಗೆ, ತೊಲೆಯಿಂದ ಗೋಡೆಗೆ ಇಳಿಯುತ್ತದೆ. ಗೋಡೆಯ ಗಚ್ಚು ಸಡಿಲವಾದಲ್ಲಿ ಹಕ್ಕಿ ಉಗುಳಿದ ಬೀಜವೊಂದು ಬೇರು ಬಿಡುತ್ತದೆ. ಸಿಮೆಂಟಿನ ಚಾವಣಿಯಾದರೂ ಕಥೆ ಬೇರೆಯಲ್ಲ. ಜಿನುಗಿದ ನೀರಿಗೆ ಒಳಗಿನ ಕಬ್ಬಿಣದ ಸಳಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಒಡೆದು ಚಕ್ಕೆ ಚಕ್ಕೆಯಾಗಿ ಬೀಳಿಸುತ್ತದೆ. ಆರಂಭದಲ್ಲಿ ಒಂದು ಹಂಚು, ಒಂದು ಏಣಿ, ಒಬ್ಬ ಆಳು ಸಾಕಾಗಿತ್ತು. ಕೊನೆಯಲ್ಲಿ ಲಕ್ಷಗಳ ಅಂದಾಜುಪಟ್ಟಿ ಸಿದ್ಧವಾಗುತ್ತದೆ. ಆಗ ಪಂಚರು ಸೇರಿ, ಇದನ್ನು ಕೆಡವಿ ಹೊಸದು ಕಟ್ಟೋಣವೆಂದು ಠರಾವು ಮಾಡುತ್ತಾರೆ. ಹೊಸ ಅಡಿಗಲ್ಲು, ಹೊಸ ಫಲಕ, ಹೊಸ ಹಾರ. ಮೂವತ್ತು ವರ್ಷಗಳ ನಂತರ ಮತ್ತೆ ಅದೇ ಅರಳಿಯ ಸಸಿ.

ಇದರಿಂದ ಯಾರಿಗೆ ತೊಂದರೆಯಾಗುತ್ತದೆ ಎಂಬುದನ್ನು ಯೋಚಿಸಿರಿ. ಕೈಯಲ್ಲಿ ಕಾಸುಳ್ಳವನಿಗೆ ತೊಂದರೆಯಿಲ್ಲ. ಅವನ ಕಾರು ಕೊಲ್ಲಾಪುರಕ್ಕೋ ಬೆಳಗಾವಿಗೋ ಮುಂದೆ ಸಾಗುತ್ತದೆ, ಅಲ್ಲಿ ಅವನಿಗೆ ತಕ್ಕ ಲಾಡ್ಜು ದೊರೆಯುತ್ತದೆ. ಹಾಳುಬಿದ್ದ ಧರ್ಮಶಾಲೆಯಲ್ಲಿ ಉಳಿಯುವವನು ಬೇರೆ ಗತಿಯಿಲ್ಲದವನು. ಆ ರಾತ್ರಿ ನಮ್ಮ ಪಕ್ಕದ ಕೋಣೆಯಲ್ಲಿದ್ದವಳು ಗಂಡನನ್ನು ಆಸ್ಪತ್ರೆಯಿಂದ ಊರಿಗೆ ಕರೆದೊಯ್ಯುತ್ತಿದ್ದ ಒಬ್ಬ ತಾಯಿ. ಚಿಲಕವಿಲ್ಲದ ಕದಕ್ಕೆ ತನ್ನ ಗಂಟನ್ನು ಆನಿಸಿಟ್ಟು, ಅದಕ್ಕೆ ಬೆನ್ನು ಕೊಟ್ಟು ಬೆಳಗಿನವರೆಗೆ ಕುಳಿತೇ ಇದ್ದಳು. ಕಟ್ಟಿಸಿದ ಮಹನೀಯರ ಫಲಕ ಅವಳ ತಲೆಯ ಮೇಲೆಯೇ ಇತ್ತು. ಒಂದು ಚಿಲಕದ ಬೆಲೆ ಎಷ್ಟು? ಆ ಫಲಕಕ್ಕೆ ಬಳಿದ ಬಣ್ಣದ ಬೆಲೆಗಿಂತ ಹೆಚ್ಚಿರಲಾರದು.

ಈಗ ಜನರು ಯಾತ್ರೆ ಬಿಟ್ಟಿದ್ದಾರೆ, ಧರ್ಮಶಾಲೆಗಳು ಯಾರಿಗೆ ಬೇಕು ಎಂದು ಕೇಳುವವರುಂಟು. ಈ ಪ್ರಶ್ನೆ ಕಣ್ಣು ಮುಚ್ಚಿಕೊಂಡವರ ಪ್ರಶ್ನೆ. ಯುಗಾದಿಯ ಮುನ್ನ ನಮ್ಮ ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಶ್ರೀಶೈಲಕ್ಕೆ ಕಂಬಿ ಹೊತ್ತು ನಡೆಯುವವರ ಸಾಲನ್ನು ನೋಡಿರಿ. ಹುಣ್ಣಿಮೆಗೆ ಕೊಲ್ಲಾಪುರ, ಸಾಂಗಲಿಗಳ ಕಡೆಯಿಂದ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗುವವರನ್ನು ನೋಡಿರಿ. ಆಷಾಢದಲ್ಲಿ ಪಂಢರಪುರದ ದಿಂಡಿಗಳನ್ನು ನೋಡಿರಿ. 2023ರ ಜೂನ್ ತಿಂಗಳಲ್ಲಿ ನಮ್ಮ ರಾಜ್ಯದಲ್ಲಿ ಸ್ತ್ರೀಯರಿಗೆ ಸರಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ, ಹಿಂದೆಂದೂ ಊರು ಬಿಡದಿದ್ದ ತಾಯಂದಿರು ಕ್ಷೇತ್ರಗಳ ಕಡೆಗೆ ಹೊರಟಿದ್ದಾರೆ. ಬಸ್ಸಿನ ಬಾಗಿಲು ಅವರಿಗೆ ತೆರೆದಿದೆ. ರಾತ್ರಿ ಇಳಿದ ಊರಿನಲ್ಲಿ ಭದ್ರವಾಗಿ ಮುಚ್ಚುವ ಬಾಗಿಲೊಂದು ಬೇಡವೇ?

ಯಾತ್ರೆಯ ಮಾತನ್ನೂ ಬಿಡಿರಿ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣದೊಳಕ್ಕೆ ನುಗ್ಗಿದುದನ್ನು, ಹಿರಣ್ಯಕೇಶಿಯ ದಂಡೆಯವರು ಉಟ್ಟ ಬಟ್ಟೆಯಲ್ಲಿ ಹೊರಬಿದ್ದುದನ್ನು ನಮ್ಮ ಭಾಗದವರು ಮರೆತಿಲ್ಲ. ಅಂದು ಶಾಲೆಯ ಕೋಣೆಗಳು, ಮಠಗಳು, ಕಲ್ಯಾಣಮಂಟಪಗಳು ಜನರಿಗೆ ಮನೆಯಾದವು. ಆಪತ್ತಿನ ದಿನ ಕಟ್ಟಡ ಕಟ್ಟಲಾಗದು. ಸುಸ್ಥಿತಿಯಲ್ಲಿ ಇಟ್ಟುಕೊಂಡ ಕಟ್ಟಡವೇ ಅಂದು ಕೈಗೆ ಬರುವುದು. ಸೋರುವ ವಸತಿಗೃಹಕ್ಕೆ ಮಳೆಯಲ್ಲಿ ನೊಂದವರನ್ನು ಕರೆತಂದು ಏನು ಮಾಡುವಿರಿ?

ದಾರಿಹೋಕರ ಆಸರೆಯ ಚಿಂತೆ ನಮ್ಮ ದೇಶಕ್ಕೆ ಹೊಸತಲ್ಲ. ಕ್ರಿ.ಪೂ. 3ನೆಯ ಶತಮಾನದಲ್ಲಿ ಅಶೋಕ ಚಕ್ರವರ್ತಿಯು ದಾರಿಗಳ ಬದಿಯಲ್ಲಿ ಆಲದ ಮರ ನೆಡಿಸಿ, ಬಾವಿ ತೋಡಿಸಿ, ತಂಗುದಾಣಗಳನ್ನು ಮಾಡಿಸಿದ ಸಂಗತಿಯನ್ನು ತನ್ನ ಏಳನೆಯ ಸ್ತಂಭಶಾಸನದಲ್ಲಿ ಬರೆಯಿಸಿದ್ದಾನೆ. ನಮ್ಮ ಕನ್ನಡ ಶಾಸನಗಳಲ್ಲಿ ಸತ್ರ, ಅರವಟ್ಟಿಗೆಗಳಿಗೆ ಬಿಟ್ಟ ದತ್ತಿಗಳ ಉಲ್ಲೇಖಕ್ಕೆ ಕೊರತೆಯಿಲ್ಲ. ಆದರೆ ಆ ಶಾಸನಗಳನ್ನು ಅಭಿಮಾನದಿಂದ ಹೊಗಳುವ ನಾವು ಅವುಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಪದವನ್ನು ಓದಿಯೂ ಓದದಂತೆ ದಾಟಿ ಹೋಗುತ್ತೇವೆ. ಆ ಪದ ‘ಖಂಡಸ್ಫುಟಿತ ಜೀರ್ಣೋದ್ಧಾರ’. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರುಕು ಬಿಟ್ಟದ್ದು. ರಾಷ್ಟ್ರಕೂಟರ ಕಾಲದಿಂದ ಕಲ್ಯಾಣದ ಚಾಲುಕ್ಯರ ಕಾಲದವರೆಗೆ, ಇಂದಿನ ಬೆಳಗಾವಿ ಜಿಲ್ಲೆಯ ಬಹುಭಾಗವನ್ನೊಳಗೊಂಡಿದ್ದ ಕೂಂಡಿ-3000 ನಾಡನ್ನಾಳಿದ ಸವದತ್ತಿಯ ರಟ್ಟರ ಕಾಲದಲ್ಲಿಯೂ, ದತ್ತಿ ಬಿಡುವಾಗ ಪೂಜೆಗೆ, ನೈವೇದ್ಯಕ್ಕೆ, ತಪೋಧನರ ಆಹಾರಕ್ಕೆ ಎಂದು ಬರೆಯುವುದರ ಜೊತೆಗೆ, ಮುರಿದುದನ್ನೂ ಬಿರಿದುದನ್ನೂ ಸರಿಪಡಿಸುವುದಕ್ಕೆ ಎಂದು ಸ್ಪಷ್ಟವಾಗಿ ಬರೆಯುತ್ತಿದ್ದರು. ಅದಕ್ಕಾಗಿ ಇಷ್ಟು ಮತ್ತರು ಕೆಯ್, ಇಷ್ಟು ತೋಟ, ಸಂತೆಯ ಸುಂಕದಲ್ಲಿ ಇಷ್ಟು ಭಾಗ ಎಂದು ಆದಾಯವನ್ನೇ ಕಟ್ಟಿಕೊಡುತ್ತಿದ್ದರು.

ಇದರ ಅರ್ಥವನ್ನು ಮನಸ್ಸಿಗೆ ತಂದುಕೊಳ್ಳಿರಿ. ಕಲ್ಲಿನಲ್ಲಿ ಕಟ್ಟಿದವರು, ಸಾವಿರ ವರ್ಷ ನಿಲ್ಲುವಂತೆ ಕಟ್ಟಿದವರು, ತಮ್ಮ ಕಟ್ಟಡ ಒಡೆಯುವುದೆಂಬುದನ್ನು ಕಟ್ಟುವ ದಿನವೇ ಒಪ್ಪಿಕೊಂಡಿದ್ದರು. ಇಟ್ಟಿಗೆ ಸಿಮೆಂಟಿನಲ್ಲಿ ಕಟ್ಟುವ ನಾವು ಅದು ಒಡೆಯುವುದೇ ಇಲ್ಲವೆಂಬಂತೆ ಕಟ್ಟುತ್ತೇವೆ. ಅಷ್ಟೇ ಅಲ್ಲ, ಶಾಸನಗಳ ಕೊನೆಯಲ್ಲಿ ರೂಢಿಯಾಗಿ ಬರುವ ಸಂಸ್ಕೃತ ಶ್ಲೋಕವೊಂದರ ಅಭಿಪ್ರಾಯವೇನೆಂದರೆ, ಸ್ವತಃ ದಾನ ಮಾಡುವುದು ಮತ್ತು ಆಗಿರುವ ದಾನವನ್ನು ಕಾಪಾಡುವುದು ಇವೆರಡರಲ್ಲಿ ಕಾಪಾಡುವುದೇ ಶ್ರೇಷ್ಠವಾದುದು. ಹಿಂದಿನವರು ಕಲ್ಲಿನಲ್ಲಿ ಕೊರೆಯಿಸಿಟ್ಟ ಈ ತೀರ್ಪನ್ನು ಇಂದಿನವರು ತಿರುವುಮುರುವು ಮಾಡಿದ್ದೇವೆ.

ಶಾಸನಗಳ ಕಾಲ ದೂರವಾಯಿತೆನ್ನುವವರಿಗೆ ಹತ್ತಿರದ ನಿದರ್ಶನವನ್ನು ಕೊಡುತ್ತೇವೆ. ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾದರು. ತಮ್ಮ ಸಂಸ್ಥಾನದ ಆಸ್ತಿಯನ್ನು ಅವರು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಮುಡಿಪಿಟ್ಟು ಹೋದರು. ಒಂದು ದೊಡ್ಡ ಸೌಧ ಕಟ್ಟಿಸಿ ಹೆಸರು ಕೆತ್ತಿಸುವುದು ಅವರಿಗೆ ಕಷ್ಟವಾಗಿರಲಿಲ್ಲ. ಅವರು ಬಿಟ್ಟುಹೋದದ್ದು ವರ್ಷ ವರ್ಷವೂ ಹುಟ್ಟುವ ಉತ್ಪನ್ನವನ್ನು. ಆ ಉತ್ಪನ್ನದಿಂದ ಓದಿ ಮುಂದೆ ಬಂದವರು ನಮ್ಮ ಜಿಲ್ಲೆಗಳಲ್ಲಿ ತಲೆತಲಾಂತರವಾಗಿ ಇದ್ದಾರೆ. ಈ ಪತ್ರಿಕೆಯನ್ನು ಓದುತ್ತಿರುವವರಲ್ಲಿಯೂ ಅಂಥವರ ಮಕ್ಕಳು ಮೊಮ್ಮಕ್ಕಳು ಇರಬಹುದು. ನಿರಂತರವಾಗಿ ನಡೆಯಬೇಕಾದ ಕಾರ್ಯಕ್ಕೆ ನಿರಂತರವಾದ ಆದಾಯ ಬೇಕು ಎಂಬ ಸರಳ ಸತ್ಯವನ್ನು ಆ ಮಹನೀಯರು ಬಲ್ಲವರಾಗಿದ್ದರು.

ಇನ್ನು ಆಕ್ಷೇಪಣೆಗಳಿಗೆ ಬರೋಣ.

‘ಇದು ಸರಕಾರದ ಕೆಲಸ’ ಎನ್ನುವವರು ಮೊದಲನೆಯವರು. ಸರಕಾರದ ಪ್ರವಾಸಿ ಮಂದಿರಗಳನ್ನು ಸರಕಾರವೇ ನೋಡಿಕೊಳ್ಳಬೇಕು, ಸಂದೇಹವಿಲ್ಲ. ನೋಡಿಕೊಳ್ಳದಿದ್ದಲ್ಲಿ ಕೇಳುವ ಹಕ್ಕು ನಿಮಗಿದೆ, ಕೇಳಿರಿ. ಆದರೆ ನಿಮ್ಮ ಅಜ್ಜ ವರ್ಗಣಿ ಕೊಟ್ಟು ಕಟ್ಟಿಸಿದ ಧರ್ಮಶಾಲೆಗೆ ಸರಕಾರ ಬಂದು ಹಂಚು ಹೊದಿಸಬೇಕೆಂದು ಯಾವ ನ್ಯಾಯದಲ್ಲಿ ಹೇಳುವಿರಿ? ಇದೇ ಹುಕ್ಕೇರಿ ತಾಲೂಕಿನ ಜನ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವನ್ನು ಕಟ್ಟಿಕೊಂಡು ಹಳ್ಳಿಹಳ್ಳಿಗೆ ದೀಪ ಮುಟ್ಟಿಸಿದರು. ತಂತಿ ಹರಿದರೆ ಜೋಡಿಸದೆ, ಕಂಬ ಬಾಗಿದರೆ ನಿಲ್ಲಿಸದೆ ದೀಪ ಉರಿಯದೆಂಬುದನ್ನು ಆ ಸಂಘದ ಸದಸ್ಯರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ವಿದ್ಯುತ್ತಿನ ದುರಸ್ತಿ ತಿಳಿದ ತಾಲೂಕಿಗೆ ಮಾಡಿನ ದುರಸ್ತಿ ತಿಳಿಯದೇ?

‘ಹಣವಿಲ್ಲ’ ಎನ್ನುವವರು ಎರಡನೆಯವರು. ಜಾತ್ರೆಯ ಮಂಟಪಕ್ಕೆ, ಧ್ವನಿವರ್ಧಕಕ್ಕೆ, ಮದ್ದು ಸುಡುವುದಕ್ಕೆ, ರಸ್ತೆಯ ಉದ್ದಕ್ಕೂ ಭಾವಚಿತ್ರಗಳ ಫಲಕ ನಿಲ್ಲಿಸುವುದಕ್ಕೆ ಇರುವ ಹಣ ಒಂದು ಏಣಿಗೂ ನೂರು ಹಂಚಿಗೂ ಇಲ್ಲವೆಂದರೆ, ಆ ಮಾತನ್ನು ಲೆಕ್ಕಪತ್ರ ತೋರಿಸಿ ಹೇಳಬೇಕು. ನಾವು ಮಠಗಳವರೂ ಈ ಮಾತಿಗೆ ಹೊರತಲ್ಲ. ನಮ್ಮ ಮಠದ ಅತಿಥಿಗೃಹಗಳನ್ನೂ ಇದೇ ಒರೆಗಲ್ಲಿಗೆ ಹಚ್ಚಿರಿ. ಬಿರುಕು ಕಂಡಲ್ಲಿ ನಿಸ್ಸಂಕೋಚವಾಗಿ ನಮಗೆ ಬರೆಯಿರಿ.

‘ಹಳೆಯದನ್ನು ರಿಪೇರಿ ಮಾಡುವುದಕ್ಕಿಂತ ಕೆಡವಿ ಕಟ್ಟುವುದು ಅಗ್ಗ’ ಎನ್ನುವವರು ಮೂರನೆಯವರು. ತೀರ ಅಪಾಯಕರವಾದ ಕಟ್ಟಡವನ್ನು ಇಳಿಸಲೇಬೇಕು, ಒಪ್ಪುತ್ತೇವೆ. ಆದರೆ ಆ ತೀರ್ಪನ್ನು ಬಲ್ಲ ಅಭಿಯಂತರರು ಕೊಡಬೇಕು. ಹೊಸ ಫಲಕದ ಆಶೆಯುಳ್ಳವರು ಕೊಡಬಾರದು. ಜಪಾನ್ ದೇಶದ ಇಸೆ ಎಂಬ ಕ್ಷೇತ್ರದಲ್ಲಿ ಮರದ ದೇವಾಲಯವನ್ನು 20 ವರ್ಷಗಳಿಗೊಮ್ಮೆ ಪೂರ್ಣವಾಗಿ ಹೊಸದಾಗಿ ಕಟ್ಟುವ ಸಂಪ್ರದಾಯ ಶತಶತಮಾನಗಳಿಂದ ನಡೆದು ಬಂದಿದೆ. ಕಳೆದ ಬಾರಿ ಅದು ನೆರವೇರಿದ್ದು 2013ರಲ್ಲಿ. ಅಲ್ಲಿ ಕೆಡವಿ ಕಟ್ಟುವುದೂ ಒಂದು ಕಾಲನಿಯಮಕ್ಕೆ ಒಳಪಟ್ಟ ವ್ರತ. ಮುಂದಿನ ಬಾರಿಗೆ ಬೇಕಾದ ಮರವನ್ನು ಬೆಳೆಸುವ, ಕುಶಲಕರ್ಮಿಗಳನ್ನು ತಯಾರಿಸುವ ಹೊಣೆ ಆ ವ್ರತದಲ್ಲಿ ಸೇರಿದೆ. ನಮ್ಮ ಕೆಡವುವಿಕೆಯಲ್ಲಿ ಯಾವ ನಿಯಮವಿದೆ? ಅಲಕ್ಷ್ಯದಿಂದ ಹಾಳುಮಾಡಿ, ಹಾಳಾಯಿತೆಂದು ಕೆಡವುವುದನ್ನು ನವೀಕರಣವೆಂದು ಕರೆಯಲಾಗದು.

ಚಿಕ್ಕದನ್ನು ಕಡೆಗಣಿಸಿದರೆ ಏನಾಗಬಹುದೆಂಬ ಭಯವಾದರೂ ನಮಗಿರಬೇಕು. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ಕಣ್ಣೆದುರಿಗೇ ಹರಿದು ಹೋಯಿತು. ಹರಿವ ನೀರಿನ ಮಧ್ಯೆಯೇ ತಾತ್ಕಾಲಿಕ ಗೇಟು ಕೂಡಿಸಿ ಅದನ್ನು ತಡೆಯುವ ಹೊತ್ತಿಗೆ ಒಂದು ವಾರವಾಗಿತ್ತು. ಅಷ್ಟು ದೊಡ್ಡ ಕಟ್ಟಡದ ಮರ್ಯಾದೆ ಒಂದು ಸರಪಳಿಯ ಮೇಲೆ ನಿಂತಿತ್ತು. ನಮ್ಮ ಧರ್ಮಶಾಲೆಯ ಮರ್ಯಾದೆ ಒಂದು ಹಂಚಿನ ಮೇಲೆ, ಒಂದು ಚಿಲಕದ ಮೇಲೆ ನಿಂತಿದೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಗಾದೆ ಮಾಡಿದವರು ಮನೆ ಕಾಯ್ದು ನೋಡು ಎಂದು ಒಂದು ತುಣುಕು ಸೇರಿಸಿದ್ದರೆ ಚೆನ್ನಾಗಿತ್ತು. ಸೇರಿಸಲಿಲ್ಲವಾದ್ದರಿಂದ ಆ ಕೆಲಸ ನಮ್ಮ ಪಾಲಿಗೆ ಬಂದಿದೆ. ಬರಿಯ ಟೀಕೆಯಿಂದ ಮಾಡು ಸೋರುವುದು ನಿಲ್ಲದು. ಆದುದರಿಂದ ನಮ್ಮ ಸೂಚನೆಗಳನ್ನು ಭಕ್ತರ ಮುಂದೆ ಇಡುತ್ತೇವೆ.

ಒಂದು: ಯಾವ ಊರಿನಲ್ಲಿ ಹಳೆಯ ವಸತಿಗೃಹ ಸೋರುತ್ತಿದೆಯೋ ಆ ಊರಿನಲ್ಲಿ ಹೊಸ ವಸತಿಗೃಹಕ್ಕೆ ಅಡಿಗಲ್ಲು ಇಡಲು ನಮ್ಮನ್ನು ಕರೆಯಬೇಡಿರಿ. ಕರೆದರೂ ನಾವು ಬರುವುದಿಲ್ಲ. ಹಳೆಯದರ ಮಾಡು ಸರಿಯಾದ ದಿನ ಕರೆಯಿರಿ, ಕರೆಯದಿದ್ದರೂ ಬರುತ್ತೇವೆ.

ಎರಡು: ಇನ್ನು ಮುಂದೆ ಕಟ್ಟಡಕ್ಕೆಂದು ಸಂಗ್ರಹವಾಗುವ ಪ್ರತಿಯೊಂದು ವರ್ಗಣಿಯಲ್ಲಿ ಹತ್ತರಲ್ಲಿ ಒಂದು ಪಾಲನ್ನು ಮುಟ್ಟಲಾಗದ ಇಡುಗಂಟಾಗಿ ಬ್ಯಾಂಕಿನಲ್ಲಿ ಇಡಬೇಕು. ಅದರ ಬಡ್ಡಿ ದುರಸ್ತಿಗೆ ಮಾತ್ರ ಸಲ್ಲಬೇಕು. ಹಿಂದಿನವರು ಬಿಟ್ಟ ಮತ್ತರಿಗೆ ಇದು ನಮ್ಮ ಕಾಲದ ರೂಪ. ಈ ಪಾಲು ತೆಗೆದಿಡಲು ಆಗದಷ್ಟು ದೊಡ್ಡ ಕಟ್ಟಡವು ನಮ್ಮ ಯೋಗ್ಯತೆಗೆ ಮೀರಿದ್ದೆಂದು ತಿಳಿದು ಒಂದು ಕೋಣೆ ಕಡಿಮೆ ಕಟ್ಟಿರಿ.

ಮೂರು: ಪ್ರತಿವರ್ಷ ಮೃಗಶಿರಾ ಮಳೆಗೆ ಮೊದಲು ಒಂದು ದಿನವನ್ನು ಗೊತ್ತುಮಾಡಿ ಊರಿನವರು ಕೂಡಿ ಹಂಚು ತಿರುವಬೇಕು, ಕೊಳವಿಗಳನ್ನು ತೆಗೆದು ತೊಳೆಯಬೇಕು, ಗೋಡೆಯ ಸಸಿಗಳನ್ನು ಬೇರುಸಹಿತ ಕೀಳಬೇಕು, ಪ್ರತಿಯೊಂದು ಕದದ ಚಿಲಕವನ್ನು ಹಾಕಿ ತೆಗೆದು ನೋಡಬೇಕು. ಮಠದ ಹಳೆಯ ವಿದ್ಯಾರ್ಥಿಗಳಲ್ಲಿ ಅಭಿಯಂತರರಿದ್ದೀರಿ, ಗುತ್ತಿಗೆದಾರರಿದ್ದೀರಿ, ಗೌಂಡಿಗಳೂ ವಿದ್ಯುತ್ ಕೆಲಸದವರೂ ಇದ್ದೀರಿ. ನೀವು ಪ್ರಸಾದನಿಲಯದಲ್ಲಿ ಉಂಡ ದಿನಗಳಲ್ಲಿ ಯಾರೋ ಆ ಮಾಡಿನ ಹಂಚು ತಿರುವಿದ್ದರಿಂದಲೇ ನಿಮ್ಮ ಪುಸ್ತಕಗಳು ತೊಯ್ಯಲಿಲ್ಲ. ವರ್ಷಕ್ಕೊಂದು ದಿನದ ಕಾಯಕವನ್ನು ನಿಮ್ಮಿಂದ ಬೇಡುವುದು ಹೆಚ್ಚಾಗದು.

ನಾಲ್ಕು: ಪ್ರತಿ ವಸತಿಗೃಹದಲ್ಲಿಯೂ ತಾಯಂದಿರಿಗೆಂದೇ ಒಂದು ಕೋಣೆ ಮೀಸಲಿರಲಿ. ಗಟ್ಟಿ ಕದ, ಒಳಚಿಲಕ, ದೀಪ, ನೀರು, ಹತ್ತಿರದಲ್ಲಿಯೇ ಶೌಚಾಲಯ ಇವು ಮೊದಲು ಆಗಲಿ, ಸುಣ್ಣಬಣ್ಣ ಆಮೇಲೆ.

ಐದು: ಹೆಸರಿನ ಆಶೆಯನ್ನು ಬಿಡಿರೆಂದು ನಾವು ಹೇಳುವುದಿಲ್ಲ, ಅದು ಎಲ್ಲರಿಂದ ಆಗುವ ಮಾತಲ್ಲ. ಕಟ್ಟಿಸಿದವರ ಫಲಕದ ಪಕ್ಕದಲ್ಲಿ ಇನ್ನೊಂದು ಫಲಕವನ್ನು ನಿಲ್ಲಿಸಿರಿ. ಯಾವ ವರ್ಷ ಯಾರು ಮಾಡು ಸರಿಪಡಿಸಿದರು, ಯಾರು ನಳ ಜೋಡಿಸಿದರು, ಎಷ್ಟು ಬಂತು, ಎಷ್ಟು ಖರ್ಚಾಯಿತು ಎಂಬುದನ್ನು ಅದರಲ್ಲಿ ಬರೆಯಿರಿ. ಕಾವಲುಗಾರನ ಹೆಸರೂ ಅದರಲ್ಲಿರಲಿ. ಅವನ ಸಂಬಳ ತಿಂಗಳು ತಿಂಗಳಿಗೆ ತಪ್ಪದೆ ಮುಟ್ಟಲಿ. ಕಟ್ಟಡವನ್ನು ನಿಜವಾಗಿ ಹೊತ್ತು ನಿಂತವನು ಅವನೇ.

ಜಂಗಮವೆಂದರೆ ಚಲಿಸುವುದು ಎಂದು ಬಾಲ್ಯದಿಂದಲೇ ಕೇಳಿ ಬೆಳೆದವರು ನಾವು. ದಾಸೋಹವೆಂದರೆ ಅನ್ನವಿಕ್ಕುವುದೊಂದೇ ಎಂದು ತಿಳಿದರೆ ಅರ್ಧ ತಿಳಿದಂತಾಯಿತು. ಉಂಡವನು ಮಲಗುವ ನೆಲ ಒಣಗಿರಬೇಕು ಎಂಬ ಕಾಳಜಿಯೂ ಅದರಲ್ಲಿ ಕೂಡಿದೆ. ಸ್ಥಾವರವನ್ನು ಕುರಿತು ನಮ್ಮ ಶರಣರು ಎಚ್ಚರಿಸಿದ್ದನ್ನು ನೆನೆದು, ಕಟ್ಟಡಕ್ಕೇಕೆ ಇಷ್ಟು ಮಾತು ಎಂದು ಯಾರಾದರೂ ಕೇಳಿಯಾರು. ನಾವು ಕಟ್ಟಡಕ್ಕಾಗಿ ವಾದಿಸುತ್ತಿಲ್ಲ, ಅದರೊಳಗೆ ಬಂದು ಹೋಗುವವರಿಗಾಗಿ ವಾದಿಸುತ್ತಿದ್ದೇವೆ. ಬಂದು ಹೋಗುವವರನ್ನು ಮರೆತು ಫಲಕವನ್ನು ಮಾತ್ರ ತೊಳೆಯುವ ಮನೆಯೇ ಬರಿಯ ಸ್ಥಾವರ.

ಮಳೆಗಾಲಕ್ಕೆ ಇನ್ನೂ ದಿನಗಳಿವೆ. ಈ ಸಂಚಿಕೆಯನ್ನು ಓದಿ ಮುಗಿಸಿದವರು ಬರುವ ಸೋಮವಾರ ತಮ್ಮ ಊರಿನ ಧರ್ಮಶಾಲೆಗೆ ಹೋಗಿ, ಒಳಗೆ ನಿಂತು, ಒಮ್ಮೆ ತಲೆಯೆತ್ತಿ ನೋಡಿರಿ. ಎಲ್ಲಿಯಾದರೂ ಬೆಳಕಿನ ಚುಕ್ಕೆ ಕಂಡರೆ ಮೊದಲು ಅಲ್ಲಿಗೆ ಏಣಿ ಹಚ್ಚಿರಿ. ಎಷ್ಟು ಹಂಚು ಬೇಕಾದವು ಎಂಬುದನ್ನು ಒಂದು ಕಾರ್ಡಿನಲ್ಲಿ ಬರೆದು ಮಠಕ್ಕೆ ಕಳಿಸಿರಿ. ಮುಂದಿನ ಸಂಚಿಕೆಗಳಲ್ಲಿ ಊರಿನ ಹೆಸರು ಸಹಿತ ಆ ಲೆಕ್ಕವನ್ನು ಪ್ರಕಟಿಸುವಂತೆ ಸಂಪಾದಕರಿಗೆ ತಿಳಿಸಿದ್ದೇವೆ.

ಸರ್ವರಿಗೂ ಮಂಗಳವಾಗಲಿ.